ಖಾಲಿ ಎಂಬ ನಂಬಿಕೆ

ಪಳಗಿದ ಪೊಲೀಸರ ಪಿಸ್ತೂಲಿನಿಂದಲೂ ಅಕಸ್ಮಾತ್ ಗುಂಡು ಹಾರುವುದಕ್ಕೆ ತರಬೇತಿಯ ಕೊರತೆಯೇ ಕಾರಣವೆಂದು ಲೇಖನವೊಂದರಲ್ಲಿ ಓದಿದ ಮಾತನ್ನು ಪೂರ್ತಿ ಒಪ್ಪಲಾರೆ. ಮ್ಯಾಗಜೀನ್ (ಗುಂಡುಗಳನ್ನು ತುಂಬಿಡುವ ಡಬ್ಬಿ) ತೆಗೆಯುವ ಮೊದಲೇ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಎಳೆದರೆ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ, ಹಾರಲು ಸಿದ್ಧವಾಗಿದ್ದ ಗುಂಡು ಹೊರಬೀಳುತ್ತದೆ ನಿಜ, ಆದರೆ ಸ್ಲೈಡ್ ಮರಳುವಾಗ ಮ್ಯಾಗಜೀನಿನಿಂದ ಇನ್ನೊಂದನ್ನು ಒಳಗೆ ತಳ್ಳುತ್ತದೆ. ನೆಲಕ್ಕುರುಳಿದ ಗುಂಡನ್ನು ಕಂಡವನು ಪಿಸ್ತೂಲು ಖಾಲಿಯೆಂದೇ ನಂಬುತ್ತಾನೆ. ಗ್ಲಾಕ್ ಕಂಪನಿಯ ಪಿಸ್ತೂಲನ್ನು ಶುಚಿಗೊಳಿಸಲು ಬಿಚ್ಚುವ ಮುನ್ನ ಟ್ರಿಗರ್ ಒತ್ತಲೇಬೇಕಾದ್ದರಿಂದ ಅಲ್ಲಿ ಈ ನಂಬಿಕೆ ಇನ್ನೂ ದುಬಾರಿ. ಹೊಸಬ ಹೆದರಿಕೆಯಿಂದಲಾದರೂ ಎರಡು ಸಲ ನೋಡುತ್ತಾನೆ.

ಕಾರ್ಕಳದ ನಮ್ಮ ತೋಟಕ್ಕೆ ಕಾಡುಹಂದಿಯ ಕಾಟವಿರುವುದರಿಂದ (ಅಡಿಕೆ ಸಸಿ ಉಳಿಯಬೇಕಲ್ಲ) ಪರವಾನಗಿಯ ಜೋಡುನಳಿಗೆ ಕೋವಿಯಿದೆ. ಚುನಾವಣೆಯ ಹೊತ್ತಿಗೆ ಅದನ್ನು ಠಾಣೆಯಲ್ಲಿ ಠೇವಣಿಯಿಡಲು ಹೋದಾಗ, ಖಾಲಿ ಮಾಡಿಯೇ ತಂದಿದ್ದೇನೆ ಎಂದರೂ ಕೇಳದೆ, ಹಿರಿಯ ಪೇದೆಯೊಬ್ಬರು ಕೋವಿಯನ್ನು ಮಡಚಿ, ಎರಡೂ ನಳಿಗೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕಿರುಬೆರಳನ್ನೂ ತೂರಿಸಿದ ಮೇಲಷ್ಟೇ ರಸೀದಿ ಬರೆದರು.