ಎರಡು ಲಕ್ಷ ಕ್ಲಿಕ್‌ನ ಲೆಕ್ಕ

ಹೋದ ತಿಂಗಳು ನನ್ನ ಕ್ಯಾಮೆರಾದ ಶಟರ್ ಕೈ ಕೊಟ್ಟಿತು. ಅದೂ ದುಡ್ಡಿಗೆ ಫೋಟೋ ತೆಗೆಯಲು ಹೋಗಿದ್ದ ಕಾರ್ಯಕ್ರಮದ ನಡುವೆ. ಬಟನ್ ಒತ್ತಿದರೆ ಎಂದಿನ 'ಟಕ್' ಇಲ್ಲ, ಒಣಗಿದ 'ಕರ್ರ್' ಅನ್ನೋ ಸದ್ದು. ಸ್ಕ್ರೀನ್ ಮೇಲೆ ಎರರ್. ಬ್ಯಾಟರಿ ತೆಗೆದು ಹಾಕಿದೆ, ಲೆನ್ಸ್ ಬಿಚ್ಚಿ ಹಾಕಿದೆ. ಊಹೂಂ. ಗೆಳೆಯನ ಕ್ಯಾಮೆರಾ ತರಿಸಿಕೊಂಡು ಹೇಗೋ ಮಾನ ಉಳಿಸಿಕೊಂಡೆ.

ರಿಪೇರಿಯವರು ಕೇಳಿದ ಮೊದಲ ಪ್ರಶ್ನೆ, "ಕೌಂಟ್ ಎಷ್ಟಾಗಿದೆ?" ಅಂದರೆ ಬೆಳಕು ಒಳಬಿಡುವ ಶಟರ್ ಇಲ್ಲಿಯವರೆಗೆ ಎಷ್ಟು ಸಲ ತೆರೆದು ಮುಚ್ಚಿದೆ ಅಂತ. ನಾನು ನೋಡೇ ಇರಲಿಲ್ಲ. ನೋಡಿದರೆ 1,87,000 ಚಿಲ್ಲರೆ. ಈ ದರ್ಜೆಯ ಎಷ್ಟೋ ಕ್ಯಾಮೆರಾಗಳ ಶಟರ್‌ಗೆ ಕಂಪನಿಗಳು ಹೇಳುವ ಆಯಸ್ಸೇ ಸುಮಾರು 2,00,000 ಕ್ಲಿಕ್. ಒಂದು ಕೆಲಸಕ್ಕೆ ನಾನು ಕಮ್ಮಿ ಅಂದರೂ 2,500 ಕ್ಲಿಕ್ ಹೊಡೆಯುತ್ತೇನೆ. ಅಂದರೆ 80 ಕೆಲಸಕ್ಕೆ ಒಂದು ಶಟರ್ ಖಲಾಸ್. ಪ್ರತಿ ಸಲ ಹಣ ಬಂದಾಗಲೂ ಅದರೊಳಗೆ ಕ್ಯಾಮೆರಾದ ಒಂದು ಚೂರು ಸೇರಿಕೊಂಡೇ ಬಂದಿದೆ. ನಾನು ಅದನ್ನೂ 'ಆದಾಯ' ಅಂತ ಬರೆದುಕೊಂಡು ಆರಾಮಾಗಿ ಖರ್ಚು ಮಾಡಿದ್ದೇನೆ.

ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ. ನಾನು ಕೂತಿರಲಿಲ್ಲ, ಓಡಾಡಿಕೊಂಡೇ ಕುಡಿಕೆ ಖಾಲಿ ಮಾಡುತ್ತಿದ್ದೆ.

ಹಾಗಾದರೆ ಆದಾಯ ಅಂದರೆ ಏನು? ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜಾನ್ ಹಿಕ್ಸ್ 1939ರಲ್ಲಿ ಕೊಟ್ಟ ಉತ್ತರ ನನಗೆ ತುಂಬಾ ಹಿಡಿಸಿತು. ವಾರದ ಶುರುವಿನಲ್ಲಿ ನೀನು ಹೇಗಿದ್ದೆಯೋ ಕೊನೆಗೂ ಹಾಗೇ ಇರಬೇಕು. ಹಾಗಿದ್ದುಕೊಂಡು ಎಷ್ಟು ಖರ್ಚು ಮಾಡಬಹುದೋ ಅಷ್ಟೇ ನಿನ್ನ ಆದಾಯ. ಸುಮ್ನೆ ಸುಲಭವಾಗಿ ಕಾಣುತ್ತೆ. ಆದರೆ ಈ ಜರಡಿಯಲ್ಲಿ ಹಾಕಿದರೆ ಎಷ್ಟೋ ಹಣ ಕೆಳಗೆ ಉದುರಿಬಿಡುತ್ತೆ. ಸಾಲ ತಂದದ್ದು ಆದಾಯ ಅಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಹಳೇ ಲೆನ್ಸ್ ಮಾರಿ ಬಂದ ಹಣ? ಆ ತಿಂಗಳು 'ಭರ್ಜರಿ ತಿಂಗಳು' ಅಂತ ಖುಷಿಪಟ್ಟಿದ್ದೆ. ಕಪಾಟಿನಲ್ಲಿದ್ದ ವಸ್ತು ಬ್ಯಾಂಕಿಗೆ ಜಾಗ ಬದಲಿಸಿತ್ತು, ಅಷ್ಟೇ.

ಆದಾಯದ ವಿಧಗಳು ಅಂದ ಕೂಡಲೇ ನಮಗೆ ಸಂಬಳ, ಬಾಡಿಗೆ, ಬಡ್ಡಿ, ಲಾಭ ಅಂತ ಪಟ್ಟಿ ನೆನಪಾಗುತ್ತೆ. (ಗಿಂಬಳ ಬಿಟ್ಟಿದ್ದೇನೆ. ಅದಕ್ಕೆ ಭಾಷೆಯಲ್ಲಿ ಜಾಗ ಇದೆ, ಲೆಕ್ಕದ ಪುಸ್ತಕದಲ್ಲಿ ಇಲ್ಲ.) 1776ರಷ್ಟು ಹಿಂದೆಯೇ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಎಲ್ಲ ಆದಾಯಕ್ಕೂ ಮೂಲ ಮೂರೇ ಅಂದಿದ್ದ: ಕೂಲಿ, ಲಾಭ, ಗೇಣಿ. ಅವನು ಕೊಟ್ಟ ಒಂದು ಉದಾಹರಣೆಯಂತೂ ನನಗೇ ಬರೆದಂತಿದೆ. ಸ್ವಂತ ತೋಟದಲ್ಲಿ ತಾನೇ ದುಡಿಯುವ ತೋಟಗಾರ ಜಮೀನಿನ ಒಡೆಯನೂ ಹೌದು, ಬಂಡವಾಳ ಹಾಕಿದವನೂ ಹೌದು, ಕೂಲಿಯವನೂ ಹೌದು. ಬೆಳೆದದ್ದರಲ್ಲಿ ಮೂವರ ಪಾಲೂ ಇರುತ್ತೆ. ಜನ ಮಾತ್ರ ಇಡೀ ಗಳಿಕೆಯನ್ನು ಅವನ ದುಡಿಮೆಯ ಫಲ ಅಂದುಕೊಳ್ಳುತ್ತಾರೆ.

ನಾನೂ ಅದನ್ನೇ ಮಾಡಿದ್ದು. ಸ್ವಂತ ಉದ್ಯೋಗ ಮಾಡುವ ಹೆಚ್ಚಿನವರು ಮಾಡುವುದೂ ಇದನ್ನೇ, ಅಲ್ವಾ? ಸ್ವಂತ ಕಾರು ಬಾಡಿಗೆಗೆ ಓಡಿಸುವವರು ದಿನದ ಕೊನೆಗೆ ಪೆಟ್ರೋಲ್ ಕಳೆದು ಉಳಿದದ್ದನ್ನು ಗಳಿಕೆ ಅಂತಾರೆ. ಟೈರು ಸವೆದದ್ದು, ಕಾರು ಹಳತಾದದ್ದು ಲೆಕ್ಕಕ್ಕೇ ಬರಲ್ಲ.

ಈಗ ಎಲ್ಲರ ಬಾಯಲ್ಲೂ ಪ್ಯಾಸಿವ್ ಇನ್‌ಕಮ್. ಮಲಗಿದ್ದಾಗಲೂ ದುಡ್ಡು ಬರಬೇಕಂತೆ. ಬಾಡಿಗೆ ಮನೆ ಇರುವವರನ್ನು ಕೇಳಿ ನೋಡಿ. ಸೋರುವ ನಲ್ಲಿ ಅವರನ್ನು ಮಲಗಲು ಬಿಡುತ್ತಾ ಅಂತ. ಬಡ್ಡಿಯದ್ದು ಇನ್ನೊಂದು ಮೋಸ. 100 ಇಟ್ಟಿದ್ದೀರಿ, ವರ್ಷಕ್ಕೆ 6 ಬಡ್ಡಿ ಬಂತು. ಅದೇ ವರ್ಷ ಬೆಲೆಗಳು ಶೇ. 7 ಏರಿದರೆ, ಕೈಯಲ್ಲಿರುವ 106ಕ್ಕೆ ಹಿಂದೆ 100ಕ್ಕೆ ಸಿಗುತ್ತಿದ್ದಷ್ಟೂ ಸಿಗಲ್ಲ. ಪಾಸ್‌ಬುಕ್‌ನಲ್ಲಿ ಆದಾಯ ಇದೆ, ನಿಜದಲ್ಲಿ ಇಲ್ಲ. ಆ 6ನ್ನು ಖರ್ಚು ಮಾಡಿದರೆ ಅಸಲನ್ನೇ ತಿಂದಂತೆ. ತೆರಿಗೆಯವರು ಮಾತ್ರ ಸಾಮಾನ್ಯವಾಗಿ ಪೂರ್ತಿ 6ನ್ನೂ ಆದಾಯ ಅಂತಲೇ ಹಿಡಿಯುತ್ತಾರೆ.

ಇದಕ್ಕೆ ಉಲ್ಟಾ ಇನ್ನೊಂದಿದೆ. ಕೈಗೆ ಕಾಸು ಬರದೇ ಇದ್ದರೂ ಆದಾಯ ಆಗಿರುವಂಥದ್ದು. ಸ್ವಂತ ಮನೆಯಲ್ಲಿರುವವರು ತಮಗೆ ತಾವೇ ಬಾಡಿಗೆ ಕೊಟ್ಟುಕೊಂಡಂತೆ. ದೇಶದ ಲೆಕ್ಕ ಬರೆಯುವವರು ಇದನ್ನು ಅಂದಾಜು ಮಾಡಿ ಸೇರಿಸುತ್ತಾರೆ. ಆದರೆ ಸಂಬಳವಿಲ್ಲದೆ ಮನೆಯವರೇ ಮಾಡುವ ಮನೆಗೆಲಸವನ್ನು ಸೇರಿಸಲ್ಲ. 1934ರಲ್ಲಿ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಅಮೆರಿಕದ ರಾಷ್ಟ್ರೀಯ ಆದಾಯ ಲೆಕ್ಕ ಹಾಕಿದಾಗಲೂ ಗೃಹಿಣಿಯರ ಕೆಲಸವನ್ನು ಹೊರಗೇ ಇಟ್ಟಿದ್ದರು. ಪಿಗೂ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಇದರ ತಮಾಷೆಯನ್ನು ತೋರಿಸಿದ್ದ. ಸಂಬಳ ಕೊಟ್ಟು ಇಟ್ಟುಕೊಂಡ ಮನೆಕೆಲಸದಾಕೆಯನ್ನೇ ಒಬ್ಬ ಮದುವೆಯಾದರೆ ದೇಶದ ಆದಾಯ ಇಳಿಯುತ್ತೆ! ಅದೇ ಕೆಲಸ, ಅದೇ ಮನೆ. ಸಂಬಳ ನಿಂತಿತು, ಅಷ್ಟೇ ವ್ಯತ್ಯಾಸ.

ಇದನ್ನು ಓದಿ ನಕ್ಕಿದ್ದೆ. ಆಮೇಲೆ ಹೊಸ ಲೆಕ್ಕದ ಪುಸ್ತಕ ತಂದು 'ಕ್ಯಾಮೆರಾ ಪಾಲು' ಅಂತ ಒಂದು ಕಾಲಂ ಹಾಕಿದೆ. ಪ್ರತಿ ಪೇಮೆಂಟ್‌ನಲ್ಲೂ ಅಷ್ಟನ್ನು ಮೊದಲೇ ತೆಗೆದಿಡೋದು. ಜಾಣತನ ತೋರಿಸೋಣ ಅಂತ ಹೆಂಡತಿಗೆ ಕೊಟ್ಟೆ. ಅವಳು ಆಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಪ್ರತಿ ಕೆಲಸದ 2,500 ಫೋಟೋಗಳಲ್ಲಿ ಕಣ್ಣು ಮುಚ್ಚಿದವು, ಅಲುಗಾಡಿದವು ಎಲ್ಲ ತೆಗೆದು 400ಕ್ಕೆ ಇಳಿಸುವುದು ಅವಳೇ. ಎರಡು ರಾತ್ರಿಯ ಕೆಲಸ. ಪುಸ್ತಕವನ್ನು ಒಂದು ಸಲ ನೋಡಿ ಕೇಳಿದಳು, "ಕ್ಯಾಮೆರಾಗೆ ಕಾಲಂ ಹಾಕಿದ್ದೀರಿ. ನನಗೆ?"

ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದಿದ್ದೇನೆ. ಅಂಕಿ ಇನ್ನೂ ತುಂಬಿಲ್ಲ. ತುಂಬಿದರೆ ನನ್ನ ಪಾಲಿಗೆ ಎಷ್ಟು ಉಳಿಯುತ್ತೋ ಅಂತ ಸ್ವಲ್ಪ ಭಯ ಇದೆ.