ಚಹಾ ಕೇಳಲು ಮೂರು ಗುಡುಗು

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಸಂಜೆ ಏಳೂವರೆಗೆ ಗುಡುಗು ಶುರು. ಮೋಡ ಇಲ್ಲ, ಮಳೆ ಇಲ್ಲ, ಬಾಲ್ಕನಿಯ ಬಟ್ಟೆ ಒಳಗೆ ತರಲು ಯಾರೂ ಓಡುವುದಿಲ್ಲ. ಎರಡನೇ ಮಹಡಿಯ ಟಿವಿಯಲ್ಲಿ ಅತ್ತೆ ಸೊಸೆಯನ್ನು ನೋಡಿದ್ದಾಳೆ, ಅಷ್ಟೇ. ಎಡದಿಂದ ಧಡ್, ಬಲದಿಂದ ಧಡ್, ಹಣೆಬೊಟ್ಟಿನ ಹತ್ತಿರ ಹೋಗಿ ಧಡಾರ್. ಆಮೇಲೆ ಆಕೆ ಕೇಳುವುದು: "ಚಹಾ ಆಯ್ತಾ?"

ಹಂಗಿಸುತ್ತಿಲ್ಲ ಸ್ವಾಮಿ, ಹೊಗಳುತ್ತಿದ್ದೇನೆ. ಈ ಸದ್ದು ಕೂಡಿಸುವವರಿಗೆ ನಮ್ಮ ಅಡುಗೆಮನೆಗಳು ಚೆನ್ನಾಗಿ ಗೊತ್ತು. ಧಾರಾವಾಹಿಯನ್ನು ಯಾರೂ ನೋಡುತ್ತಿಲ್ಲ. ಒಗ್ಗರಣೆ ಹಾಕುತ್ತಾ ಕೇಳುತ್ತಿದ್ದಾರೆ. ಗುಡುಗಿದರೆ ಕೇಡು. ಕೊಳಲು ಊದಿದರೆ ಪ್ರೀತಿ. ಟೊಯ್ಂಗ್ ಅಂದರೆ ಚಿಕ್ಕಪ್ಪ ಬಂದ, ನಗಬೇಕು. ಪಿಟೀಲು ಕುಯ್ದರೆ ಅಳಬೇಕು, ಈರುಳ್ಳಿ ಹೇಗೂ ಕೈಯಲ್ಲೇ ಇರುತ್ತದೆ.

1931ರಲ್ಲಿ ಇದೇ ಮುಂಬಯಿಯಲ್ಲಿ ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' ತೆಗೆದವರ ಪಾಡು ನೋಡಿ. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ಹಗಲು ಮೈಕು ಇಟ್ಟರೆ ನಾಯಕಿಯ ಜೊತೆ ರೈಲೂ ಮಾತಾಡುತ್ತಿತ್ತು. ಹಾಗಾಗಿ ಓಡಾಟ ನಿಂತ ಮೇಲೆ, ರಾತ್ರಿ ಒಂದರಿಂದ ನಾಲ್ಕರವರೆಗೆ ಶೂಟಿಂಗ್. ಪಾಪ, ನಿಶ್ಶಬ್ದಕ್ಕಾಗಿ ನಿದ್ದೆಗೆಟ್ಟವರು. ಈಗ ಎರಡು ಸೆಕೆಂಡು ಟಿವಿ ಸುಮ್ಮನಾದರೆ ನಾವು ಕೇಬಲ್‌ನವನಿಗೆ ಫೋನು ಮಾಡುತ್ತೇವೆ.

ಸಿನಿಮಾದ ಸದ್ದು ಸುಳ್ಳಾಗಿರುವುದಕ್ಕೆ ನನ್ನ ತಕರಾರಿಲ್ಲ. ಚಿತ್ರಕ್ಕೆ ಆಮೇಲೆ ಸದ್ದು ಕೂಡಿಸುವ ಒಂದು ಕಸುಬೇ ಹಾಲಿವುಡ್ಡಿನ ಜ್ಯಾಕ್ ಫೋಲಿಯ ಹೆಸರಿನಲ್ಲಿ ನಡೆಯುತ್ತದೆ. ಮೂಳೆ ಮುರಿಯಬೇಕೇ, ಸೆಲರಿ ದಂಟು ಮುರಿ. (ಬಸಳೆ ಪ್ರಯೋಜನಕ್ಕಿಲ್ಲ, ಸದ್ದೇ ಮಾಡದೆ ಸಾಂಬಾರಾಗಿಬಿಡುತ್ತದೆ.) ಕುದುರೆ ಓಡಬೇಕೇ, ತೆಂಗಿನ ಚಿಪ್ಪು ಕುಟ್ಟು. ನಮ್ಮಜ್ಜಿ ಬಚ್ಚಲೊಲೆಗೆ ಎಷ್ಟು ಕುದುರೆ ಹಾಕಿ ಉರಿಸಿದಳೋ!

ಕಪಾಳದ ಏಟೂ ಹೀಗೇ. ನಟಿಯ ಕೆನ್ನೆಗೆ ಕೈ ತಾಗಿರುವುದಿಲ್ಲ, ಸದ್ದು ಆಮೇಲೆ ಸೇರುತ್ತದೆ. ಒಂದೇ ಏಟನ್ನು ಮೂರು ಸಲ ತೋರಿಸಿ, ಸುತ್ತ ನಿಂತ ಹನ್ನೊಂದು ನೆಂಟರ ಮುಖಕ್ಕೂ ಒಂದೊಂದು ಧಡ್. ನಾವು ಅನ್ನ ಕಲಸುತ್ತಾ ನೋಡುತ್ತೇವೆ. ನಾಳೆ ಮತ್ತೆ ಅದೇ ಏಟಿನಿಂದ ಕಥೆ ಮುಂದುವರಿಯುತ್ತದೆ. ಸಾಕಾಗಿದೆ ನನಗೆ. ಹೆಂಗಸಿಗೆ ಹೊಡೆದರೆ ಸಿಡಿಲು ಬಡಿದಷ್ಟು ಸದ್ದಾಗುತ್ತದೆ ಎಂದು ನಮ್ಮ ಕಿವಿಗೆ ಕಲಿಸಿಟ್ಟಿದ್ದಾರೆ.

ಕಳೆದ ತಿಂಗಳು ಗೋಡೆಯಾಚೆಯಿಂದ ಒಂದು ಸದ್ದು ಬಂತು. ಚಪ್ಪಲಿ ಕೆಳಗೆ ಬಿದ್ದಷ್ಟು, ಸಣ್ಣದು. "ಟಿವಿ ಇರಬೇಕು" ಅಂದಳು ಹೆಂಡತಿ. ಇರಬೇಕು ಅಂದೆ. ಟಿವಿಯಾಗಿದ್ದರೆ ಗುಡುಗುತ್ತಿತ್ತಲ್ಲ ಎಂದು ನನಗೆ ಹೊಳೆದಾಗ ರಾತ್ರಿ ಹನ್ನೊಂದು.

ಬೆಳಿಗ್ಗೆ ಆ ಮನೆಯಾಕೆ ಲಿಫ್ಟಿನಲ್ಲಿ ಸಿಕ್ಕಳು, ದುಪಟ್ಟಾವನ್ನು ಕಿವಿಯವರೆಗೆ ಎಳೆದುಕೊಂಡು. ನಿನ್ನೆಯ ಎಪಿಸೋಡ್ ನೋಡಿದಿರಾ ಅಂತ ಕೇಳಿದಳು.

ನೋಡಿದೆ ಅಂದೆ.