ಪ್ರಿಂಟ್ ಆಯ್ತು

ಮೊನ್ನೆ ಶನಿವಾರದಿಂದ "ಆಯ್ತು" ಅನ್ನೋ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಹೆಂಡತಿ ಒಳಗಿಂದ "ಕಾಫಿ ಆಯ್ತು" ಅಂದರೂ ಎದ್ದು ಹೋಗಿ, ಲೋಟದಲ್ಲಿ ಕಾಫಿ ಇದೆಯಾ ಅಂತ ಬಗ್ಗಿ ನೋಡುತ್ತೇನೆ.

ಶನಿವಾರ ಅಂದರೆ ತೋಟದಲ್ಲಿ ಬಟವಾಡೆ. ಅದರಲ್ಲೂ ಈಗ ರೋಬಸ್ಟಾ ಕಾಫಿಯ ಕೊಯ್ಲು. ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು, ಯಾರ ಮುಂಗಡ ಎಷ್ಟು ಕಳೀಬೇಕು, ಇದೆಲ್ಲ ಸುಂಟಿಕೊಪ್ಪದ ಹತ್ತಿರ ತೋಟ ಇರುವ ನನ್ನ ಸೋದರಮಾವನ ಉದ್ದನೆಯ ರಟ್ಟಿನ ಪುಸ್ತಕದಲ್ಲಿತ್ತು. ಚೆನ್ನಾಗಿಯೇ ಇತ್ತು. ನಾನೇ ಸುಮ್ನಿರಲಾರದೆ ಇರುವೆ ಬಿಟ್ಟುಕೊಂಡೆ. ಮಡಿಕೇರಿಯ ಮನೆಯಲ್ಲಿ ಕೂತು ಬೆಂಗಳೂರಿನ ಆಫೀಸಿಗೆ ಕೋಡ್ ಬರೆಯುವವನು ನಾನು. ಸ್ವಂತ ಮಾವನ ಲೆಕ್ಕಕ್ಕೆ ಒಂದು ಪ್ರೋಗ್ರಾಮ್ ಬರೆದುಕೊಡದಿದ್ದರೆ ಹೇಗೆ?

ಲೆಕ್ಕದ ಭಾಗ ಎರಡು ಸಂಜೆಯಲ್ಲಿ ಮುಗಿಯಿತು. ಉಳಿದದ್ದು ಚೀಟಿ. ಒಬ್ಬೊಬ್ಬರಿಗೂ ಒಂದು ಚೀಟಿ ಪಿಡಿಎಫ್ ಆಗಬೇಕು, ಅದು ಪ್ರಿಂಟ್ ಆಗಬೇಕು. ಪ್ರಿಂಟ್ ಮಾಡುವ ಕೋಡನ್ನೂ ನಾನೇ ಬರೆಯೋದಕ್ಕೆ ಸೋಮಾರಿತನ. ಮಾವನ ಕಂಪ್ಯೂಟರಿನಲ್ಲಿ ಪಿಡಿಎಫ್ ತೆರೆಯುವ ಸಾಫ್ಟ್‌ವೇರ್ ಹೇಗೂ ಇದೆ. ನನ್ನ ಪ್ರೋಗ್ರಾಮಿನ ಒಳಗಿಂದಲೇ ಅದನ್ನು ಕರೆದು, "ಇದನ್ನೊಂದು ಪ್ರಿಂಟ್ ಹೊಡಿ ಮಾರಾಯ" ಅಂದರೆ ಸಾಕು. ಕೋಡಿನಲ್ಲಿ ಅದು ಒಂದೇ ಸಾಲು.

ಮನೆಗೆ ನೆಂಟರು ಬಂದಾಗ ಪಕ್ಕದ ಮನೆ ಹುಡುಗನನ್ನು ಅಂಗಡಿಗೆ ಓಡಿಸುತ್ತೇವಲ್ಲ, ಅದೇ ಇದು. ಸಕ್ಕರೆ ತರೋದು ಸುಲಭ. ಕಳಿಸೋದು ಕಷ್ಟ. ಯಾವ ಅಂಗಡಿ ಅಂತ ಹೇಳಿದೆವಾ, ಚೀಲ ಕೊಟ್ಟೆವಾ, ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಬರಿಗೈಲಿ ಬಂದರೆ ಯಾಕೆ ಅಂತ ಕೇಳೋದು ಹೇಗೆ?

ಮೊದಲನೇ ಸಲವೇ ಹುಡುಗ ದಾರಿ ತಪ್ಪಿದ. ವಿಂಡೋಸ್‌ನಲ್ಲಿ ಸಾಫ್ಟ್‌ವೇರ್‌ಗಳೆಲ್ಲ ಇರುವ ಫೋಲ್ಡರಿನ ಹೆಸರು ಪ್ರೋಗ್ರಾಮ್ ಫೈಲ್ಸ್. ನಡುವೆ ಒಂದು ಖಾಲಿ ಜಾಗ. ಉದ್ಧರಣ ಚಿಹ್ನೆ ಹಾಕದೆ ಕಮಾಂಡ್ ಪ್ರಾಂಪ್ಟ್‌ಗೆ ಕೊಟ್ಟರೆ ಅದು ಆ ಖಾಲಿ ಜಾಗದಲ್ಲೇ ಓದೋದು ನಿಲ್ಲಿಸಿ, "ಪ್ರೋಗ್ರಾಮ್ ಅಂತ ಯಾರೂ ಇಲ್ಲವಲ್ಲ" ಅನ್ನುತ್ತದೆ. ಹಳೇ ಬಸ್ ಸ್ಟ್ಯಾಂಡಿಗೆ ಬಾ ಅಂದರೆ "ಹಳೇ ಅನ್ನೋ ಊರು ಎಲ್ಲಿ ಬರುತ್ತೆ?" ಅಂತ ಕೇಳಿದ ಹಾಗೆ. ಹೋಗಲಿ, ಚಿಹ್ನೆ ಹಾಕಿದೆ. ಹೊರಟ.

ಹೋದವನು ಕೆಲಸ ಮುಗಿಸಿದನಾ ಅಂತ ತಿಳಿಯೋದಕ್ಕೆ ಒಂದು ಪದ್ಧತಿ ಇದೆ. ಯಾವುದೇ ಪ್ರೋಗ್ರಾಮ್ ಮುಗಿಯುವಾಗ, ಕರೆದವರ ಕೈಗೆ ಒಂದು ಅಂಕಿ ಕೊಟ್ಟು ಹೋಗುತ್ತದೆ. ಸೊನ್ನೆ ಕೊಟ್ಟರೆ ಎಲ್ಲ ಸರಿ. ಬೇರೆ ಏನು ಕೊಟ್ಟರೂ ಏನೋ ಎಡವಟ್ಟು. ಶಾಲೆಯಲ್ಲಿ ಗಣಿತಕ್ಕೆ ಸೊನ್ನೆ ತಂದಾಗ ಈ ನಿಯಮ ನಮ್ಮಪ್ಪನಿಗೆ ಗೊತ್ತಿದ್ದರೆ ನನ್ನ ಬೆನ್ನು ಉಳಿಯುತ್ತಿತ್ತು. ಇರಲಿ. ನಾನು ಬರೆದ ತರ್ಕ ಇಷ್ಟು: ಕರೆ, ಕಾಯಿ, ಸೊನ್ನೆ ಬಂತಾ, ಬಂದರೆ ಪಿಡಿಎಫ್ ಅಳಿಸು, ಪರದೆಯ ಮೇಲೆ "ಪ್ರಿಂಟ್ ಆಯ್ತು" ಅಂತ ತೋರಿಸು. ನನ್ನ ಲ್ಯಾಪ್‌ಟಾಪಿನಲ್ಲಿ ಹತ್ತು ಸಲ ಓಡಿಸಿದೆ. ಹತ್ತು ಸಲವೂ ಕಾಗದ ಬಂತು.

ಈಗ ಮಾವನ ವಿಷಯ ಹೇಳಬೇಕು.

ಮಾವನಿಗೆ 62 ವರ್ಷ. ಇಷ್ಟು ವರ್ಷದಲ್ಲಿ ಯಾರಿಗೂ "ಆಗಲ್ಲ" ಅಂದವರಲ್ಲ. ಏನು ಕೇಳಿದರೂ "ಆಯ್ತು". ಆ ಆಯ್ತುವಿನಲ್ಲಿ ಬೇರೆ ಬೇರೆ ಜಾತಿ ಇದೆ. ಗಿಡ್ಡನೆಯ "ಆಯ್ತು" ಅಂದರೆ ನೀನು ಹೇಳಿದ್ದು ಕೇಳಿಸಿತು ಅಂತ. "ಆಯ್ತಾಯ್ತು" ಅಂದರೆ ಕೇಳಿಸಿತು, ಇನ್ನು ಸಾಕು. "ಆಯ್ತಪ್ಪಾ" ಅಂದರೆ ನೀನು ಹೇಳೋದು ತಪ್ಪು, ಆದರೆ ಜಗಳ ಯಾಕೆ. ಉದ್ದ ಎಳೆದ "ಆಯ್ತೂ…" ಅಂದರೆ ಮೊದಲೇ ಹೇಳಿದ್ದೆಯಾ, ಮರೆತಿದ್ದೆ. ಕೆಲಸ ನಿಜವಾಗಿ ಮುಗಿದಾಗ ಏನು ಹೇಳುತ್ತಾರೆ ಅಂತ ಕೇಳಬೇಡಿ. ಏನೂ ಹೇಳುವುದಿಲ್ಲ. ಹೋದ ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಮಾಡಿನ ನೀರು ಹರಿಯುವ ದಂಬೆಯಲ್ಲಿ ತುಂಬಿದ ಎಲೆ ತೆಗೆಸಿ ಅಂತ ಅತ್ತೆ ಹೇಳಿದ್ದರು. "ಆಯ್ತು." ಆಗಸ್ಟ್‌ನಲ್ಲಿ ನಾನು ಹೋದಾಗ ದಂಬೆಯ ಒಳಗೆ ಸೊಂಪಾಗಿ ಜರಿಗಿಡ ಬೆಳೆದಿತ್ತು. ಅತ್ತೆ ಬೆರಳು ಮಾಡಿ ತೋರಿಸಿದರು. ಮಾವ ಕನ್ನಡಕ ಹಾಕಿಕೊಂಡು ನೋಡಿ, "ಚೆನ್ನಾಗಿ ಬಂದಿದೆ" ಅಂದರು.

ಅತ್ತೆ ಈಗ ಬಾಯಿ ಕಡೆ ನೋಡುವುದೇ ಇಲ್ಲ, ಕಾಲು ನೋಡುತ್ತಾರೆ. "ಆಯ್ತು" ಅಂದಮೇಲೆ ಕಾಲು ಚಪ್ಪಲಿ ಹುಡುಕಿದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಪೇಪರ್ ಬಿಡಿಸುವ ಸದ್ದು ಬಂದರೆ ಬೇರೆಯವರನ್ನು ಕರೆಯುತ್ತಾರೆ.

ಶನಿವಾರ ಮಧ್ಯಾಹ್ನ ಮೂರೂವರೆಗೆ ಫೋನ್ ಬಂತು. ಮಾವನ ಮನೆಯಲ್ಲಿ ಸಿಗ್ನಲ್ ಸಿಗುವುದು ಕಣದ ಒಂದು ಮೂಲೆಯಲ್ಲಿ ಮಾತ್ರ. ಕಂಪ್ಯೂಟರ್ ಇರುವುದು ಒಳಗಿನ ಆಫೀಸ್ ಕೋಣೆಯಲ್ಲಿ. ಹಾಗಾಗಿ ಮಾವ ಪರದೆಯಲ್ಲಿ ಬಂದದ್ದನ್ನು ಓದಿ, ಹರಡಿದ ಹಣ್ಣನ್ನು ದಾಟಿ, ಮೂಲೆಗೆ ಬಂದು ನನಗೆ ಹೇಳಬೇಕು. ನಾನು ಹೇಳಿದ್ದನ್ನು ಬಾಯಲ್ಲೇ ಜಪ ಮಾಡುತ್ತಾ ವಾಪಸ್ ಓಡಬೇಕು.

"ಕಾಗದ ಬರ್ತಾ ಇಲ್ಲ."

"ಪರದೆ ಮೇಲೆ ಏನು ಬಂದಿದೆ ಮಾವ?"

ಹೋದರು. ಬಂದರು. "ಪ್ರಿಂಟ್ ಆಯ್ತು ಅಂತ ಬಂದಿದೆ."

"ಹಾಗಾದರೆ ಪ್ರಿಂಟ್ ಆಗಿದೆ. ಪ್ರಿಂಟರಿನ ಹಿಂದೆ ಬಿದ್ದಿರಬೇಕು, ನೋಡಿ."

ಹೋದರು. ಬಂದರು. ಏದುಸಿರು. "ಹಿಂದೆ ಹಲ್ಲಿ ಇದೆ. ಕಾಗದ ಇಲ್ಲ."

"ಮಾವ, ಆಯ್ತು ಅಂತ ಅದೇ ಹೇಳ್ತಾ ಇದೆಯಲ್ಲ!"

ಆ ಕಡೆ ಒಂದು ಕ್ಷಣ ಮೌನ. ಕಣದಲ್ಲಿ ಹಣ್ಣು ಎಳೆಯುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಮಾವ ಸಮಾಧಾನವಾಗಿ ಹೇಳಿದರು: "ಆಯ್ತು ಅಂದರೆ ಆಗಿದೆ ಅಂತ ನಿನಗೆ ಯಾರು ಹೇಳಿದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ವಿಷಯದಲ್ಲಿ ಅವರಿಗಿಂತ ದೊಡ್ಡ ಪಂಡಿತರು ಇಡೀ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ.

ಅಷ್ಟರಲ್ಲಿ ಅವರು ಪ್ರಿಂಟ್ ಬಟನ್ನನ್ನು 22 ಸಲ ಒತ್ತಿಯಾಗಿತ್ತು. ಲಿಫ್ಟ್ ಬಟನ್ ಒತ್ತುವವರು ಒತ್ತುವ ಹಾಗೆ. ಪರದೆ ತುಂಬ "ಪ್ರಿಂಟ್ ಆಯ್ತು", ಅದರ ಹಿಂದೆ ಅಷ್ಟೇ ಸಂಖ್ಯೆಯ "ಫೈಲ್ ಸಿಗುತ್ತಿಲ್ಲ". ಹೊರಗೆ 14 ಜನ ಕೂಲಿಗೆ ಕಾಯುತ್ತಾ ಕೂತಿದ್ದರು. ಕೊನೆಗೆ ಅತ್ತೆ ರಟ್ಟಿನ ಪುಸ್ತಕ ತಂದು ಮೇಜಿನ ಮೇಲೆ ಇಟ್ಟರಂತೆ. ವಯಸ್ಸಾದ ಒಬ್ಬ ಹೆಂಗಸು "ನಂದು 412 ಕೆಜಿ" ಅಂತ ಬಾಯಲ್ಲೇ ಹೇಳಿದರಂತೆ. ಪುಸ್ತಕದಲ್ಲೂ 412. ಇಪ್ಪತ್ತು ನಿಮಿಷದಲ್ಲಿ ಬಟವಾಡೆ ಮುಗಿದು ಎಲ್ಲರೂ ಜೀಪು ಹತ್ತಿದರು.

ಭಾನುವಾರ ಬೆಳಗ್ಗೆ ನಾನೇ ಹೋಗಿ ನೋಡಿದೆ. ಕಾರಣ ಏನು ಗೊತ್ತಾ? ಒಂದು ಮದುವೆ ಕಾಗದ. ಯಾರೋ ಕಳಿಸಿದ ಆಮಂತ್ರಣದ ಪಿಡಿಎಫ್ ಅನ್ನು ಮಾವ ಬುಧವಾರ ತೆರೆದಿದ್ದರು. ಮುಚ್ಚಿರಲಿಲ್ಲ. ಇಂಥ ಎಷ್ಟೋ ಸಾಫ್ಟ್‌ವೇರ್‌ಗಳದ್ದು ಒಂದು ಬುದ್ಧಿ ಇದೆ. ಮೊದಲೇ ಒಬ್ಬ ಒಳಗೆ ಕೂತಿದ್ದರೆ, ಹೊಸದಾಗಿ ಕರೆಸಿಕೊಂಡವನು ಬಂದು, ನಿಮ್ಮ ಚೀಟಿಯನ್ನು ಆ ಕೂತವನ ಕೈಗೆ ದಾಟಿಸಿ, ನಿಮಗೆ ಸೊನ್ನೆ ಕೊಟ್ಟು ಹೊರಟುಬಿಡುತ್ತಾನೆ. ಅವನ ಮಟ್ಟಿಗೆ ಕೆಲಸ ಆಯ್ತು. ಸುಳ್ಳೂ ಅಲ್ಲ. ನನ್ನ ಪ್ರೋಗ್ರಾಮ್ ಆ ಸೊನ್ನೆಯನ್ನು ನಂಬಿ ತಕ್ಷಣ ಪಿಡಿಎಫ್ ಅಳಿಸಿತು. ಕೂತವನು ನಿಧಾನಕ್ಕೆ ತೆರೆಯಲು ಹೋದರೆ ಫೈಲೇ ಇಲ್ಲ. ಸಾಮಾನಿನ ಪಟ್ಟಿ ಕೈಗೆ ಕೊಟ್ಟು, ಅವನು ಓದುವ ಮೊದಲೇ ಕಿತ್ತುಕೊಂಡು ಒಲೆಗೆ ಹಾಕಿದ ಹಾಗೆ.

ಮದುವೆ ಕಾಗದ ಮುಚ್ಚಿ ನೋಡಿದೆ. ಆಗ ಉಲ್ಟಾ ತಾಪತ್ರಯ. ಚೀಟಿ ಚೆನ್ನಾಗಿ ಬಂತು, ಆದರೆ ಪ್ರಿಂಟ್ ಮಾಡಿದವನು ಮನೆಗೆ ಹೋಗಲೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಸಾಫ್ಟ್‌ವೇರ್ ಪ್ರಿಂಟ್ ಮಾಡಿ ತಾನೇ ಮುಚ್ಚಿಕೊಳ್ಳುತ್ತಿತ್ತು. ಮಾವನದ್ದು ಬೇರೆ, ಅದು ಕೆಲಸ ಮುಗಿಸಿ ಅಲ್ಲೇ ಕಾಲು ಚಾಚಿ ಕೂರುತ್ತದೆ. ಅದು ಮುಗಿಯಲಿ ಅಂತ ನನ್ನ ಪ್ರೋಗ್ರಾಮ್ ಕಲ್ಲಿನ ಹಾಗೆ ಕಾಯುತ್ತಿದೆ.

ಕಾಯೋದರಲ್ಲಿ ನನಗೆ ಹಳೇ ಗಾಯ ಬೇರೆ ಇದೆ. ಹಿಂದೊಮ್ಮೆ ಆಫೀಸಿನ ಲಿನಕ್ಸ್ ಸರ್ವರಿನಲ್ಲಿ ಹೀಗೇ ಇನ್ನೊಂದು ಪ್ರೋಗ್ರಾಮನ್ನು ಕರೆದಿದ್ದೆ. ಅದು ವಾಚಾಳಿ. ಅದರ ಮಾತೆಲ್ಲ ಒಂದು ಪೈಪಿನಲ್ಲಿ, ಅಂದರೆ ಒಂದು ಪ್ರೋಗ್ರಾಮಿನ ಮಾತನ್ನು ಇನ್ನೊಂದಕ್ಕೆ ದಾಟಿಸುವ ಕೊಳವೆಯಲ್ಲಿ, ತುಂಬುತ್ತಿತ್ತು. ಅಲ್ಲಿ ಒಂದು ಪೈಪಿನಲ್ಲಿ ಸಾಮಾನ್ಯವಾಗಿ 65,536 ಬೈಟ್ ಹಿಡಿಸುತ್ತದೆ. ಈ ಕಡೆ ಯಾರಾದರೂ ಓದಿ ಖಾಲಿ ಮಾಡದಿದ್ದರೆ ಅದು ಅರ್ಧ ಮಾತಿನಲ್ಲೇ ನಿಂತುಬಿಡುತ್ತದೆ. ಅದು ಮುಗಿಸಲಿ, ಆಮೇಲೆ ಓದೋಣ ಅಂತ ನಾನು. ನೀನು ಓದು, ಆಮೇಲೆ ಮುಗಿಸುತ್ತೇನೆ ಅಂತ ಅದು. ಊಟದ ಮನೆ ಬಾಗಿಲಲ್ಲಿ ಇಬ್ಬರು ಬೀಗರು "ನೀವು ಮೊದಲು", "ಇಲ್ಲ ಇಲ್ಲ, ನೀವೇ" ಅಂತ ನಿಂತ ಹಾಗೆ, ಇಡೀ ರಾತ್ರಿ. ಬೆಳಗ್ಗೆ ಬೈಗುಳ ತಿಂದದ್ದು ಮಾತ್ರ ನಾನು.

ಮಾವನ ಆಫೀಸ್ ಕೋಣೆಯ ಗೋಡೆಯಲ್ಲಿ, ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಕಟ್ಟಿದ ಭತ್ತದ ಕದಿರು ಇನ್ನೂ ಇತ್ತು. ಒಣಗಿ ಧೂಳು ಹಿಡಿದಿತ್ತು. ಪ್ರೋಗ್ರಾಮ್ ನೇತುಬಿದ್ದಾಗಲೆಲ್ಲ ಅದನ್ನೇ ನೋಡುತ್ತಾ ಕೂತೆ. ಬೆಂಗಳೂರಿನಲ್ಲಿದ್ದ ಆರು ವರ್ಷ, ಪ್ರತಿ ಸಲ ಮಾವ ಫೋನ್ ಮಾಡುತ್ತಿದ್ದರು. "ಹುತ್ತರಿಗೆ ಬಾರೋ, ಕದಿರು ತೆಗೆಯೋದಕ್ಕೆ ಜನ ಕಮ್ಮಿ." ನಾನು ಏನು ಹೇಳುತ್ತಿದ್ದೆ? "ಆಯ್ತು ಮಾವ." ಒಂದು ಸಲವೂ ಹೋಗಲಿಲ್ಲ. ಅತ್ತೆ ನನ್ನ ಪಾಲಿನ ತಂಬುಟ್ಟು ತೆಗೆದಿಟ್ಟು, ಮೂರನೇ ದಿನ ಯಾರಿಗೋ ಕೊಡುತ್ತಿದ್ದರಂತೆ. ಅದನ್ನು ಅವರು ನನಗೆ ಹೇಳಿದ್ದು ಈ ಭಾನುವಾರ, ಅಕ್ಕಿ ರೊಟ್ಟಿ ಬಡಿಸುತ್ತಾ, ಸುಮ್ನೆ ಮಾತಿಗೆ.

ಮಧ್ಯಾಹ್ನದ ಮೇಲೆ ಸರಿ ಮಾಡಿದೆ. ಈಗ ನನ್ನ ಪ್ರೋಗ್ರಾಮ್ ಯಾರಿಗೂ ಕಾಯುವುದಿಲ್ಲ, ಸೊನ್ನೆಯನ್ನು ನಂಬುವುದಿಲ್ಲ, ಆ ದಿನದ ಪಿಡಿಎಫ್‌ಗಳನ್ನು ಮಾರನೇ ದಿನದ ತನಕ ಅಳಿಸುವುದಿಲ್ಲ. ಪ್ರಿಂಟಿಗೆ ಕಳಿಸಿ, ನೇರ ಮಾವನನ್ನೇ ಕೇಳುತ್ತದೆ: "ಕಾಗದ ಕೈಗೆ ಬಂತಾ?" ಕೆಳಗೆ ಎರಡು ಬಟನ್. ಬಂತು, ಬಂದಿಲ್ಲ. ಮಾವನ ಎದುರಲ್ಲೇ ಒಂದು ಚೀಟಿ ತೆಗೆದು ತೋರಿಸಿದೆ. ತಲೆ ಆಡಿಸಿದರು.

ನಿನ್ನೆ ಸಂಜೆ ಕಣದ ಮೂಲೆಯಿಂದ ಫೋನ್.

"ಎಲ್ಲ ಚೆನ್ನಾಗಿದೆ ಕಣೋ. ಒಂದು ಸಣ್ಣ ಕೆಲಸ. ಆ ಎರಡು ಬಟನ್ ಜೊತೆ ಇನ್ನೊಂದು ಹಾಕ್ತೀಯಾ?"

"ಯಾವುದು ಮಾವ?"

"ಆಯ್ತು ಅಂತ."